ಗಿರಣಿ ಬಯಲಿಗೆ ಬಂದವರು

ನಮ್ಮ ಊರಿನಲ್ಲಿ ಕಾಯಿಲೆ ಬಿದ್ದವರು ಮೊದಲು ಆಸ್ಪತ್ರೆಗೆ ಹೋಗುತ್ತಾರೆ, ಆಮೇಲೆ ಗಿರಣಿ ಬಯಲಿಗೆ. ಹತ್ತಿ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಹತ್ತಿಯ ಮೂಟೆ ಒಟ್ಟುತ್ತಿದ್ದ ಜಾಗ ಈಗ ಬರೀ ಬಯಲು. ಒಂದು ಕಡೆ ಗಿರಣಿಯ ಉದ್ದನೆಯ ಗೋಡೆ, ಇನ್ನೊಂದು ಕಡೆ ಬೇವಿನ ಮರ. ಅಲ್ಲಿ ನಿಂತು ಮೊಬೈಲಿನಲ್ಲಿ ನಮ್ಮ ಪುಟ ತೆರೆದು, ತನ್ನ ಕಾಯಿಲೆಯ ಹೆಸರು ಒತ್ತಿ, ಬರೆದದ್ದನ್ನು ಓದಬೇಕು. ಓದಿದ್ದು ತಿಳಿದರೆ ಅವರು ಬರುತ್ತಾರೆ.

ಅವರು ಅಂದರೆ, ಆ ಔಷಧವನ್ನು ಪರೀಕ್ಷಿಸುವಾಗ ತಮ್ಮ ಮೈಯನ್ನು ಕೊಟ್ಟವರು. ಯಾವ ಯಾವುದೋ ದೇಶದವರು. ಔಷಧ ತೆಗೆದುಕೊಂಡ ನೂರು ಜನ ಗೋಡೆಯ ಕಡೆ, ತೆಗೆದುಕೊಳ್ಳದ ನೂರು ಜನ ಬೇವಿನ ಮರದ ಕಡೆ. ರೋಗ ವಾಸಿಯಾಗಿ ಉಳಿದವರು ನಿಂತಿರುತ್ತಾರೆ. ರೋಗ ಬಿಡದವರು ನೆಲದ ಮೇಲೆ ಕೂತಿರುತ್ತಾರೆ. ಔಷಧದಿಂದ ತೊಂದರೆಯಾದವರು ಆ ತೊಂದರೆಯನ್ನು ಹೊತ್ತುಕೊಂಡೇ ಬರುತ್ತಾರೆ. ತಲೆಸುತ್ತು ಬಂದವರು ಪಕ್ಕದವರ ಭುಜ ಹಿಡಿದಿರುತ್ತಾರೆ, ನಿದ್ದೆಗೆಟ್ಟವರ ಕಣ್ಣು ಕೆಂಪಗಿರುತ್ತದೆ. ಯಾರೂ ಮಾತಾಡುವುದಿಲ್ಲ. ಓದಿದವರು ಕೈ ಮುಗಿದರೆ ಬಂದವರು ಹೊರಟುಹೋಗುತ್ತಾರೆ.

ಬಯಲಿನ ಅಂಚಿನ ಮನೆಗಳವರು ಇದಕ್ಕೆ ಹೊಂದಿಕೊಂಡಿದ್ದಾರೆ. ಮೊಬೈಲ್ ಹಿಡಿದು ಯಾರಾದರೂ ಬರುವುದು ಕಂಡರೆ ಬಟ್ಟೆ ಒಣಹಾಕಿದ ಹಗ್ಗ ಬಿಚ್ಚಿಕೊಳ್ಳುತ್ತಾರೆ, ಬಂದ ಮಂದಿಯ ಮುಖಕ್ಕೆ ಒದ್ದೆ ಸೀರೆ ತಾಗಬಾರದು ಎಂದು. ಭಜಿ ಗಾಡಿಯ ಸಂಗವ್ವ ಒಲೆ ಸಣ್ಣ ಮಾಡುತ್ತಾಳೆ. ಕೆಲವರು ತಂಬಿಗೆಯಲ್ಲಿ ನೀರು ಇಡುತ್ತಾರೆ. ಬಂದವರು ಕುಡಿಯುವುದಿಲ್ಲ, ಆದರೂ ಇಡುತ್ತಾರೆ. ಬಂದವರಿಗೆ ನೀರು ಇಡದೆ ಇರುವುದು ಹೇಗೆ? ನೂರು ಜನರಲ್ಲಿ ತಮ್ಮಂಥವರನ್ನು ಹುಡುಕುವುದು ನಮ್ಮವರ ಇನ್ನೊಂದು ರೂಢಿ. ಸಕ್ಕರೆ ಕಾಯಿಲೆಯ ಕಿರಾಣಿ ಅಂಗಡಿಯವರು ತಮ್ಮಷ್ಟೇ ಹೊಟ್ಟೆ ಬಂದವನನ್ನು ಹುಡುಕಿ, ಅವನು ನಿಂತಿರುವುದನ್ನು ನೋಡಿ, ಆ ಸಂಜೆಯೇ ಪೇಢೆ ತಿಂದಿದ್ದರು. ಅದು ತಪ್ಪು, ಒಬ್ಬರನ್ನಲ್ಲ ಎಲ್ಲರನ್ನೂ ನೋಡಿ ಎಂದು ನಾವು ಪುಟದ ಮೇಲ್ಗಡೆಯೇ ಬರೆದಿದ್ದೇವೆ. ಯಾರೂ ಕೇಳುವುದಿಲ್ಲ.

ನಾವು ಅಂದರೆ ನಾನು ಮತ್ತು ಫರೀದಾ. ಬಯಲಿನ ಮೂಲೆಯ ತಗಡಿನ ಶೆಡ್ಡೇ ನಮ್ಮ ಆಫೀಸು. ಫರೀದಾ ದೊಡ್ಡ ದೊಡ್ಡ ಸಂಶೋಧನಾ ಬರಹಗಳನ್ನು ಓದಿ, ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ಆರಿಸುತ್ತಾಳೆ. ಅದನ್ನು ಕಾಯಿಲೆಯವರಿಗೆ ತಿಳಿಯುವ ಮಾತಿನಲ್ಲಿ ಬರೆದು ಪುಟಕ್ಕೆ ಹಾಕುವುದು ನನ್ನ ಕೆಲಸ. ಬರೆದ ಮೇಲೆ ಶೆಡ್ಡಿನ ಬಾಗಿಲಲ್ಲಿ ಕೂತು ಕಾಯುತ್ತೇವೆ. ರೋಗ ಯಾರದೋ ಅವರಿಗೇ ತಿಳಿಯಬೇಕು. ನನಗೆ ತಿಳಿದು ಪ್ರಯೋಜನವಿಲ್ಲ. ಮೊದಲ ರೋಗಿ ಬಂದು ಓದಿದಾಗ ಬಯಲನ್ನು ನೋಡಿದರೆ ನನ್ನ ಬರವಣಿಗೆ ಎಂಥದ್ದೆಂದು ಗೊತ್ತಾಗಿಬಿಡುತ್ತದೆ. ‘ಗಣನೀಯ’ ಎಂದು ಬರೆದ ದಿನ ಬಂದವರಿಗೆ ಮುಖವೇ ಇರಲಿಲ್ಲ. ‘ಸಂಭವನೀಯತೆ’ ಎಂದು ಬರೆದಾಗ ಬರೀ ಚಪ್ಪಲಿಗಳು ಬಂದು ಸಾಲಾಗಿ ನಿಂತಿದ್ದವು. ಆಗ ಅಲ್ಲೇ ಕೂತು ಅಳಿಸಿ ಬೇರೆ ಬರೆಯುತ್ತೇನೆ. ಮೆಲ್ಲಗೆ ಕಾಲು ಮೂಡುತ್ತವೆ, ಬಟ್ಟೆ ಮೂಡುತ್ತದೆ, ಕೊನೆಗೆ ಮುಖ. ಇಷ್ಟು ವರ್ಷವಾದರೂ ಆ ಮುಖಗಳು ಮೂಡುವಾಗ ನಾನು ಎದ್ದು ನಿಲ್ಲುತ್ತೇನೆ.

ಮಹಾನಂದಾ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಎನ್ನುತ್ತೇನೆ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ತಲೆಗೂದಲು ಬಿಳಿ ಮಾಡಿಕೊಂಡೆವು. ಜಗಳವಾಡಿದ್ದೇವೆ, ವಾರಗಟ್ಟಲೆ ಮಾತು ಬಿಟ್ಟಿದ್ದೇವೆ, ಮಾತು ಬಿಟ್ಟಾಗಲೂ ಒಬ್ಬರು ಹಿಟ್ಟು ನಾದಿದರೆ ಇನ್ನೊಬ್ಬರು ಹಂಚು ಕಾಯಿಸಿದ್ದೇವೆ. ಅವಳನ್ನು ಕಂಡರೆ ನನಗೆ ಪ್ರೀತಿ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ; ನಡುಮನೆಯ ಕಂಬವನ್ನು ಕಂಡರೆ ಪ್ರೀತಿ ಎಂದು ಯಾರು ಅಂದುಕೊಳ್ಳುತ್ತಾರೆ? ಅವಳು ಕುಬಸ, ಅಂದರೆ ರವಿಕೆ, ಹೊಲಿಯುತ್ತಾಳೆ. ಅಳತೆಯ ಟೇಪು ಕೊರಳಲ್ಲಿ ಇರುತ್ತದೆ, ಅದನ್ನು ಬಳಸುವುದು ಕಡಿಮೆ. ಬಟ್ಟೆಯನ್ನು ಬೆರಳ ತುದಿಯಲ್ಲಿ ಸವರಿ, ಇದು ನೀರಿಗೆ ಹಾಕಿದರೆ ಇಷ್ಟು ಕುಗ್ಗುತ್ತದೆ ಎಂದು ಹೇಳಿ, ಅಷ್ಟು ಬಿಟ್ಟು ಕತ್ತರಿಸುತ್ತಾಳೆ. ಊರಿನ ಅರ್ಧ ಹೆಂಗಸರ ಕುಬಸ ಅವಳ ಕೈಯದು.

ಅವಳ ಎದೆಯಲ್ಲಿ ಗಂಟು ಕಂಡಿತು. ಆಪರೇಷನ್ ಆಯಿತು. ಒಂದು ಮೊಲೆ ಹೋಯಿತು. ಮನೆಗೆ ಬಂದ ಮೇಲೆ ಮೈ ತೊಳೆಯಲು ಅವಳು ನನ್ನನ್ನು ಕರೆದಳು, ಗಂಡನನ್ನಲ್ಲ. ಬಚ್ಚಲಲ್ಲಿ ಬೆನ್ನಿಗೆ ನೀರು ಹಾಕುವಾಗ ಇಬ್ಬರೂ ಹಪ್ಪಳದ ಹಿಟ್ಟಿನ ಬಗ್ಗೆ ಮಾತಾಡಿದೆವು. ಹೊಲಿಗೆಯ ಗುರುತಿನ ಹತ್ತಿರ ನನ್ನ ಕೈ ನಿಂತಾಗ ಅವಳು, ‘ಟಾಕಿ ಛಲೋ ಹಾಕ್ಯಾರ, ಸಮ ಅದಾವ’ ಅಂದಳು. ಆಮೇಲೆ ನಾವು ಮತ್ತೆ ಹಪ್ಪಳಕ್ಕೆ ಬಂದೆವು.

ಗಂಟು ಪೂರ್ತಿ ತೆಗೆದಾಗಿದೆ, ಆದರೂ ಮತ್ತೆ ಬರದಂತೆ ಸಲೈನಿನಲ್ಲಿ ಕಟುವಾದ ಔಷಧ ಕೊಡುವುದಿದೆ, ಬೇಕೋ ಬೇಡವೋ ವಿಚಾರ ಮಾಡಿ ಹೇಳಿ ಎಂದು ಡಾಕ್ಟರು ಕಳಿಸಿದ್ದರು. ಮೊಬೈಲಿಗೆ ಆಸ್ಪತ್ರೆಯ ಒಂದು ಪುಟವನ್ನೂ ಕಳಿಸಿದ್ದರು. ಆ ಕಾಯಿಲೆಗೆ ನಮ್ಮ ಪುಟ ಇನ್ನೂ ಬರೆದಾಗಿರಲಿಲ್ಲ. ಫರೀದಾ ಓದುತ್ತಿದ್ದಳು.

ಅದೇ ವಾರ ಅಕ್ಕ ನನಗೆ ಕತ್ತರಿ ಹಿಡಿಯುವುದನ್ನು ಕಲಿಸತೊಡಗಿದಳು. ಕುಬಸದ ಕೊರಳು ಕೊರೆಯುವುದು, ತೋಳು ಕೂಡಿಸುವುದು. ಯಾರ ಅಳತೆ ಏನು, ಯಾರಿಗೆ ಬೆನ್ನು ಇಳಿದಿರಬೇಕು, ಯಾರ ಅತ್ತೆಗೆ ಬೆನ್ನು ಇಳಿದರೆ ಸಿಟ್ಟು ಬರುತ್ತದೆ, ಎಲ್ಲ. ಒಂದು ಮಧ್ಯಾಹ್ನ ಒಳಗಿನಿಂದ ತನ್ನ ಒಳ್ಳೆಯ ಸೀರೆಗಳನ್ನು ತಂದು ಕಟ್ಟೆಯ ಮೇಲಿಟ್ಟು, ನನಗೆ ಯಾವುದು ಬೇಕು ಎಂದು ಕೇಳಿದಳು.

‘ನನಗ್ಯಾಕಕ್ಕಾ? ನೀನ ಉಡಾಕೇನ ಆಗೇತಿ?’

‘ಬಯಲಿಗೆ ಹೋಗಿದ್ದೆ’ ಅಂದಳು. ‘ನೀ ಆಫೀಸಿಗೆ ರಜಾ ಹಾಕಿದ ದಿನ. ಡಾಕ್ಟರು ಕಳಿಸಿದ್ದನ್ನ ಓದಿದೆ, ಎರಡು ಸಲ ಓದಿದೆ. ಒಬ್ಬಾಕಿನೂ ಬರಲಿಲ್ಲ, ಕಸ್ತೂರಿ.’

ನಮ್ಮ ಊರಿನಲ್ಲಿ ಬಯಲು ಖಾಲಿ ಉಳಿಯುವುದಕ್ಕೆ ಒಂದೇ ಅರ್ಥ. ನಿನ್ನ ರೋಗದಿಂದ ಯಾರೂ ಉಳಿದಿಲ್ಲ, ಕೂತವರು ಕೂಡ ಇಲ್ಲ, ಹೋಗಿ ನಿನ್ನ ಮನೆ ನೇರ ಮಾಡಿಕೋ. ಹೀಗೆ ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ನಂಬುತ್ತಾರೆ. ಖಾಲಿ ಬಯಲು ನೋಡಿ ಬಂದವಳು ಆ ಸಂಜೆ ಕಡಲೆಹಿಟ್ಟಿನ ಝುಣಕ ಮಾಡಿದ್ದಳು, ಖಾರ ಹದವಾಗಿತ್ತು ಎಂಬುದು ನನಗೆ ನೆನಪಾಯಿತು. ಒಂದೇ ಒಲೆಯ ಮುಂದೆ ನಿಂತು ಅವಳು ಸಾವನ್ನು ಒಬ್ಬಳೇ ನುಂಗಿಕೊಂಡಿದ್ದಳು.

ನಾನು ಅವಳ ಮೊಬೈಲ್ ಇಸಿದುಕೊಂಡು ನೋಡಿದೆ. ‘ಸಹಾಯಕ ರಾಸಾಯನಿಕ ಚಿಕಿತ್ಸೆಯು ರೋಗದ ಪುನರಾವರ್ತನೆಯ ಸಾಪೇಕ್ಷ ಅಪಾಯವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆ’ ಎಂದಿತ್ತು. ಬರದಿದ್ದವರ ತಪ್ಪಲ್ಲ, ಕರೆದವರ ತಪ್ಪು ಎಂದು ನಾನು ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ. ಡಾಕ್ಟರು ಬರೆದದ್ದು ತಪ್ಪಿರುತ್ತದೆಯೇ ಎಂದಳು. ತಪ್ಪಿಲ್ಲ, ಆದರೆ ಅದನ್ನು ನಿನಗೆಂದು ಬರೆದಿಲ್ಲ ಎಂದೆ. ಅವಳು ಸೀರೆಗಳನ್ನು ಮಡಿಸಿ ಒಳಗಿಟ್ಟಳು, ನನ್ನ ಸಮಾಧಾನಕ್ಕೆ.

ಮರುದಿನ ಭಾವ ಶೆಡ್ಡಿಗೆ ಬಂದರು. ಚನ್ನಮಲ್ಲಪ್ಪ ಭಾವ ಮಾತು ಕಡಿಮೆಯ ಮನುಷ್ಯ. ಹೆಂಡತಿಯ ಹೆಸರನ್ನು ಅವರು ಕರೆದದ್ದು ನಾನು ಕೇಳಿಲ್ಲ. ಬೆಂಚಿನ ಮೇಲೆ ಕೂತು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಪುಟವನ್ನು ನಾನೇ ಬರೆಯುತ್ತೇನೆಂದು ಅವರಿಗೆ ಗೊತ್ತಿತ್ತು. ‘ಔಷಧ ತಗೊಂಡ್ರ ಛಲೋ ಆಗ್ತೈತಿ ಅಂತ ದೊಡ್ಡ ಅಕ್ಷರದಾಗ ಬರಿ’ ಅಂದರು. ‘ಬೆರಳಿಂದು ಗಿರಳಿಂದು ಬರೀಬ್ಯಾಡ. ಅಕಿ ಹೂಂ ಅಂದ್ರ ಸಾಕು. ನನಗ ಅಕಿ ಬೇಕು.’

ಆ ಔಷಧದಿಂದ ಕೆಲವರಿಗೆ ಬೆರಳ ತುದಿ ಜೋಮು ಹಿಡಿದು ಹಾಗೆಯೇ ಉಳಿದುಬಿಡುತ್ತದೆ ಎಂದು ಡಾಕ್ಟರು ಅವರಿಗೆ ಹೇಳಿದ್ದರು. ಅಕ್ಕನಿಗೆ ಅದು ತಿಳಿದರೆ ಬೇಡ ಎನ್ನುತ್ತಾಳೆ ಎಂಬ ಹೆದರಿಕೆ ಅವರಿಗೆ. ನನಗೂ ಅದೇ ಹೆದರಿಕೆ ಇತ್ತು. ನಾನೂ ಅವಳ ಬೆರಳಿಗಿಂತ ಅವಳನ್ನೇ ಆರಿಸುತ್ತಿದ್ದೆ. ಆದರೆ ಬೆರಳು ನನ್ನದಾಗಿರಲಿಲ್ಲ. ಭಾವ ಹೋದ ಮೇಲೆ ಲ್ಯಾಪ್‌ಟಾಪ್ ತೆರೆದೆ. ‘ಮೂರನೇ ಒಂದು ಪಾಲು’ ಎಂದು ಬರೆದೆ. ಸುಳ್ಳಲ್ಲ. ನೂರು ಜನರಲ್ಲಿ ಗಂಟು ಮತ್ತೆ ಬರುವವರು ಹನ್ನೆರಡರಿಂದ ಎಂಟಕ್ಕೆ ಇಳಿದರೆ ಮೂರನೇ ಒಂದು ಪಾಲು ಕಡಿಮೆಯಾದಂತೆಯೇ.

ಫರೀದಾ ನನ್ನ ಬೆನ್ನ ಹಿಂದೆ ನಿಂತು ಓದಿದಳು. ‘ನಿನಗ ಬೇಕಾದ್ದ ನೀ ಬರಿಬಹುದು, ಕಸ್ತೂರಿ’ ಅಂದಳು. ‘ಬರಾವರು ಮಾತ್ರ ನಿನಗ ಬೇಕಾದಂಗ ಬರೂದಿಲ್ಲ.’ ಚಹಾ ತರಲು ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ಆ ಸಾಲನ್ನು ಅಳಿಸಿದ್ದೆ.

ಪುಟ ಸಿದ್ಧವಾದ ದಿನ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಹೋದೆ. ಅವಳು ಬರಲು ಒಪ್ಪಿರಲಿಲ್ಲ. ಖಾಲಿ ಬಯಲನ್ನು ಇನ್ನೊಂದು ಸಲ ನೋಡುವ ಶಕ್ತಿ ತನಗಿಲ್ಲ ಎಂದಿದ್ದಳು. ನೀನು ಬರದಿದ್ದರೆ ಕೊರಳು ಕೊರೆಯುವುದನ್ನು ಕಲಿಯುವುದಿಲ್ಲ ಎಂದು ಹೆದರಿಸಿ ಎಬ್ಬಿಸಿದೆ. ಸಂಗವ್ವ ಒಲೆ ಸಣ್ಣ ಮಾಡಿದಳು. ಅಕ್ಕ ಬಯಲ ನಡುವೆ ನಿಂತು ಕನ್ನಡಕ ಏರಿಸಿ ಓದಿದಳು. ತುಟಿ ಅಲ್ಲಾಡುತ್ತಿದ್ದವು.

ಯಾರೂ ಬರಲಿಲ್ಲ. ಗೋಡೆಯ ಕಡೆ ಸ್ವಲ್ಪ ಧೂಳು ಎದ್ದಂತಾಯಿತು, ಅಷ್ಟೇ.

ಅಕ್ಕ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಬರೆಯಲಾರೆ. ‘ನೋಡಿದಿ?’ ಎಂದಳು.

ಎಲ್ಲಿ ತಿಳಿಯಲಿಲ್ಲ ಹೇಳು, ಒಂದೊಂದೇ ಮಾತು ಹೇಳು ಎಂದು ಅವಳ ಪಕ್ಕದಲ್ಲಿ ನೆಲದ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವಳು ಮೊದಲು ಎಲ್ಲ ತಿಳಿಯಿತು ಎಂದಳು. ಹೆಂಗಸರು ಮೊದಲು ಹಾಗೆಯೇ ಹೇಳುತ್ತಾರೆ. ಬಿಡದೆ ಕೇಳಿದಾಗ ಬೆರಳಿಟ್ಟು ತೋರಿಸಿದಳು.

‘ಇಲ್ಲಿ ಅಪಾಯ ಅಂತ ಬರದೀ. ಹತ್ತು ವರ್ಷದ ಅಪಾಯ ನೂರಕ್ಕ ಹನ್ನೆರಡು ಅಂತ. ಅಪಾಯ ಅನ್ನೂದು ಓದಿದ ಕೂಡಲೆ ನನಗ ಹಾವು ಕಂಡಂಗ ಆಗ್ತೈತಿ. ಮುಂದಿಂದೇನೂ ಕಾಣೂದಿಲ್ಲ. ಅದು ಹಾವೋ, ಹೆಣ್ಣಮಕ್ಕಳೋ? ಹೆಣ್ಣಮಕ್ಕಳಾದ್ರ ಹೆಣ್ಣಮಕ್ಕಳು ಅಂತ ಬರಿ.’

ಅಳಿಸಿದೆ. ಬರೆದೆ. ಆಪರೇಷನ್ ಆದ ನೂರು ಹೆಣ್ಣುಮಕ್ಕಳು ಈ ಔಷಧ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದೊಳಗೆ ಅವರಲ್ಲಿ ಹನ್ನೆರಡು ಜನರಿಗೆ ಗಂಟು ಮತ್ತೆ ಬಂತು. ಎಂಬತ್ತೆಂಟು ಜನರಿಗೆ ಬರಲಿಲ್ಲ. ಅಂಥವರೇ ಇನ್ನೂ ನೂರು ಹೆಣ್ಣುಮಕ್ಕಳು ಔಷಧ ತೆಗೆದುಕೊಂಡರು. ಅವರಲ್ಲಿ ಎಂಟು ಜನರಿಗೆ ಗಂಟು ಮತ್ತೆ ಬಂತು. ತೊಂಬತ್ತೆರಡು ಜನರಿಗೆ ಬರಲಿಲ್ಲ. ಔಷಧ ತೆಗೆದುಕೊಂಡವರಲ್ಲಿ ಇಪ್ಪತ್ತು ಜನರಿಗೆ ಬೆರಳು ಜೋಮು ಹಿಡಿದದ್ದು ಬಿಡಲಿಲ್ಲ.

ಅಕ್ಕ ಓದುತ್ತಾ ಹೋದಳು. ಅವಳು ‘ಬರಲಿಲ್ಲ’ ಎಂಬುದನ್ನು ಮೆಲ್ಲಗೆ ಬಾಯಿಬಿಟ್ಟು ಅಂದಾಗ ಬೇವಿನ ಮರದ ಕೆಳಗೆ ಮೊದಲನೆಯವಳು ನಿಂತಿದ್ದಳು. ಬಂದದ್ದು ಕಾಣಲಿಲ್ಲ, ಮೊದಲಿನಿಂದ ಅಲ್ಲೇ ಇದ್ದಂತೆ ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತಿದ್ದಂತೆ ಮರದ ನೆರಳು ಸಾಲದೆ ಬಿಸಿಲಿಗೂ ಹರಡಿಕೊಂಡರು. ಈಚೆ ಗೋಡೆಯ ಉದ್ದಕ್ಕೂ ಅಷ್ಟೇ ಜನ. ಉದ್ದ ಕೋಟು ತೊಟ್ಟವರು, ಬರಿಗಾಲಿನವರು, ತಲೆಗೆ ಬಟ್ಟೆ ಸುತ್ತಿದವರು, ಕೂದಲು ಇನ್ನೂ ಮೊಳಕೆಯಂತೆ ಮೂಡುತ್ತಿದ್ದವರು. ಒಬ್ಬಳ ಕೈಯಲ್ಲಿ ಹಿಟ್ಟು ಮೆತ್ತಿತ್ತು. ಒಬ್ಬಳು ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡಿದ್ದಳು. ಎಲ್ಲರೂ ಅಕ್ಕನನ್ನೇ ನೋಡುತ್ತಿದ್ದರು, ಮದುವೆಮನೆಗೆ ತಡವಾಗಿ ಬಂದ ಹತ್ತಿರದವಳನ್ನು ನೋಡುವಂತೆ.

ಅಕ್ಕನ ಕೈಯಿಂದ ಮೊಬೈಲ್ ಜಾರಿತು. ನಾನು ಹಿಡಿದುಕೊಂಡೆ. ಅಂಚಿನ ಮನೆಗಳ ಹೆಂಗಸರು ಬಾಗಿಲಿಗೆ ಬಂದು ನಿಂತರು. ಇಂಥದನ್ನು ದಿನಾ ನೋಡುವ ಫರೀದಾ ಕೂಡ ಶೆಡ್ಡಿನಿಂದ ಹೊರಗೆ ಬಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು.

‘ಔಷಧ ಇಲ್ಲದನ ಇಷ್ಟು ಮಂದಿ ನಿಂತಾರ?’ ಅಕ್ಕ ಕೇಳಿದಳು. ನಾನು ಹೂಂ ಎಂದೆ. ‘ತಗೊಂಡವರಾಗೂ ಕೂತಾರ?’ ಹೂಂ ಎಂದೆ. ಹೇಳಬೇಕಾದದ್ದನ್ನೆಲ್ಲ ಅವರೇ ಹೇಳುತ್ತಿದ್ದರು.

ಊರಿನವರೆಲ್ಲ ಮಾಡುವಂತೆ ಅವಳೂ ತನ್ನಂಥವಳನ್ನು ಹುಡುಕುತ್ತಾಳೆಂದು ನಾನು ತಡೆಯಲು ಸಿದ್ಧಳಾಗಿದ್ದೆ. ಅವಳು ಹುಡುಕಲಿಲ್ಲ. ಬೇವಿನ ಮರದ ಕಡೆಯಿಂದ ಶುರುಮಾಡಿ ಒಬ್ಬೊಬ್ಬರ ಮುಂದೆಯೂ ನಿಂತು ಮುಖ ನೋಡುತ್ತಾ ಹೋದಳು. ಕೂತವರ ಮುಂದೆ ತಾನೂ ಕೂತಳು. ಮೊಣಕಾಲು ನೋವಿನವಳು, ಪ್ರತಿ ಸಲ ನೆಲಕ್ಕೆ ಕೈಯೂರಿ ಏಳುತ್ತಿದ್ದಳು. ಗೋಡೆಯ ಕಡೆಯವರಲ್ಲಿ ಕೆಲವರು ಬಲಗೈ ಬೆರಳುಗಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಅವರ ಮುಂದೆ ಬಹಳ ಹೊತ್ತು ನಿಂತಳು. ತನ್ನ ಕೈಯನ್ನು ನೋಡಿಕೊಂಡಳು. ಸಂಗವ್ವ ಒಲೆಯನ್ನು ಆರಿಸಿಯೇಬಿಟ್ಟಳು. ಆ ಹೊತ್ತಿಗೆ ಭಾವ ಬಂದು ಗಿರಣಿಯ ಗೇಟಿನ ಹತ್ತಿರ ನಿಂತದ್ದು ನನಗೆ ಕಂಡಿತು, ಒಳಗೆ ಬರಲಿಲ್ಲ.

ಕೊನೆಯವಳ ಮುಂದಿನಿಂದ ತಿರುಗಿ ಬಂದು ಅಕ್ಕ ಕೇಳಿದಳು, ‘ಇವರು ನಮ್ಮಂಗ ಕೇಳಾಕ ಹ್ವಾದಾಗ, ಇವರಿಗೆ ಯಾರು ಬಂದಿದ್ರು?’

ಇಷ್ಟು ವರ್ಷ ಈ ಕೆಲಸ ಮಾಡಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ‘ಯಾರೂ ಇಲ್ಲಕ್ಕಾ’ ಎಂದೆ. ‘ಈ ಔಷಧಕ್ಕ ಇವರೇ ಮೊದಲನೇದವರು.’

‘ಮತ್ತ ಯಾರನ್ನ ನೋಡಿ ಹೂಂ ಅಂದ್ರು?’

ಅವಳು ತಿರುಗಿ, ಸೆರಗು ಸರಿಮಾಡಿಕೊಂಡು, ಕೈ ಮುಗಿದಳು. ಇನ್ನೂರು ಹೆಣ್ಣುಮಕ್ಕಳು ಒಟ್ಟಿಗೆ ಹೊರಟುಹೋದ ಮೇಲೆ ಬಯಲಿನಲ್ಲಿ ಒಂದು ಥರದ ತಂಪು ಉಳಿಯಿತು.

ಅಕ್ಕ ಔಷಧ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಡಾಕ್ಟರ ಹತ್ತಿರ ಹೋಗಿ, ಎಂಟು ಜನ ಕೂತದ್ದನ್ನು ನೋಡಿದೆ, ಇಪ್ಪತ್ತು ಜನ ಬೆರಳು ಹಿಡಿದುಕೊಂಡದ್ದನ್ನೂ ನೋಡಿದೆ, ಎರಡೂ ಕಡಿಮೆಯಾಗುವಂಥದ್ದು ಏನೂ ಇಲ್ಲವೇ ಎಂದು ಕೇಳಿದಳು. ಡಾಕ್ಟರು ಮೇಜಿನ ಮೇಲಿದ್ದ ಬೇರೊಂದು ಕಡತ ಎಳೆದುಕೊಂಡರು. ಒಂದು ಹೊಸ ಔಷಧ ಪರೀಕ್ಷೆಯಲ್ಲಿದೆ ಎಂದರು. ಬೆರಳಿಗೆ ಅಷ್ಟು ತೊಂದರೆ ಕೊಡಲಾರದು ಎಂಬ ಆಸೆ ಇದೆ, ಗಂಟನ್ನು ಹಳೆಯದರಷ್ಟು ತಡೆಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಸೇರಿದವರಲ್ಲಿ ಚೀಟಿ ಎತ್ತಿ ಕೆಲವರಿಗೆ ಹಳೆಯದು, ಕೆಲವರಿಗೆ ಹೊಸದು ಕೊಡುತ್ತಾರೆ. ಯಾವಾಗ ಬೇಡವೆನಿಸಿದರೂ ಬಿಟ್ಟು ಬರಬಹುದು.

ಅದಕ್ಕೂ ಒಂದು ಪುಟ ಬರೆದುಕೊಡು ಎಂದು ಅಕ್ಕ ನನ್ನನ್ನು ಕೇಳಿದಳು. ನನ್ನ ಕೆಲಸದಲ್ಲಿ ಅಷ್ಟು ಚಿಕ್ಕ ಪುಟವನ್ನು ನಾನು ಬರೆದಿಲ್ಲ. ‘ಯಾವುದು ಒಳ್ಳೆಯದು ಎಂದು ಇನ್ನೂ ಯಾರಿಗೂ ಗೊತ್ತಿಲ್ಲ.’ ಅವಳು ಬಯಲಿಗೆ ಹೋಗಿ ಅದನ್ನು ಓದಿದಳು. ಪೂರ್ತಿ ತಿಳಿಯಿತು. ಯಾರೂ ಬರಲಿಲ್ಲ. ಬಿಸಿಲು ಇತ್ತು, ಬೇವಿನ ಎಲೆ ಉದುರುತ್ತಿದ್ದವು. ಈ ಸಲ ಅವಳ ಮುಖ ಬೇರೆಯೇ ಇತ್ತು; ಹೊಸ ಬಟ್ಟೆ ಹಾಸಿಕೊಂಡು ಮೊದಲ ಕತ್ತರಿ ಹಾಕುವ ಮುಂಚೆ ಇರುವಂತೆ.

ಅಕ್ಕ ಪರೀಕ್ಷೆಗೆ ಸೇರುತ್ತೇನೆಂದಾಗ ಭಾವ ಸಿಟ್ಟಾದರು. ‘ಮಂದಿ ನಿಂತದ್ದು ಕಣ್ಣಿಗೆ ಕಂಡೈತಿ’ ಅಂದರು. ‘ಕಂಡ ದಾರಿ ಬಿಟ್ಟು ಇಲ್ಲದ್ದರಾಗ ಯಾಕ ಕಾಲಿಡ್ತೀ?’

‘ಎಂದರ ಒಂದಿನ ಯಾವಾಕಿಯರ ಬಂದು ಓದ್ತಾಳ್ರಿ’ ಎಂದಳು ಅಕ್ಕ. ‘ಅಕಿ ಮುಂದ ನಿಲ್ಲಾಕ ಯಾರರ ಬೇಕಲ್ಲ. ನನಗೇನು ಸುಮ್ಮನ ಬಂದ್ರ ಅವರು?’

ಭಾವ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು. ಆಮೇಲೆ, ‘ಕೂತ್ರ?’ ಎಂದರು. ‘ನಿಲ್ಲೂದು ಬಿಟ್ಟು ನೀ ಕೂತ್ರ, ಮಹಾನಂದಾ?’

ಗಂಡನ ಬಾಯಲ್ಲಿ ತನ್ನ ಹೆಸರು ಕೇಳಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ. ‘ಕೂತ್ರೂ ಅಕಿಗೆ ಕಾಣ್ತೀನಲ್ಲ’ ಎಂದಳು.

ಚೀಟಿಯಲ್ಲಿ ಹೊಸ ಔಷಧ ಬಂತು. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಗಂಜಿಯ ವಾಸನೆಗೂ ವಾಕರಿಸಿದಳು. ಕೂದಲು ಮತ್ತೆ ಬಂತು, ಗುಂಗುರಾಗಿ. ಬಲಗೈಯ ಎರಡು ಬೆರಳ ತುದಿ ಜೋಮು ಹಿಡಿದವು. ಈಗ ಬಟ್ಟೆಯನ್ನು ಎಡಗೈಯಲ್ಲಿ ಸವರುತ್ತಾಳೆ, ಹೊಲಿಗೆ ಮೊದಲಿನಷ್ಟು ಬೇಗ ಆಗುವುದಿಲ್ಲ, ಗಿರಾಕಿಗಳು ಗೊಣಗುತ್ತಾರೆ, ಬೇರೆ ಕಡೆ ಹೋಗುವುದಿಲ್ಲ. ವರ್ಷಗಳು ಹೋದವು. ನಾವು ಇನ್ನೊಂದು ಸಲ ಮಾತು ಬಿಟ್ಟೆವು, ಮತ್ತೆ ಆಡಿದೆವು. ಆ ಪರೀಕ್ಷೆ ಏನಾಯಿತು ಎಂದು ಯಾರೂ ಹೇಳಿರಲಿಲ್ಲ. ಮುಗಿಯಲು ಇನ್ನೂ ಕಾಲ ಬೇಕು ಎಂದು ಫರೀದಾ ಅನ್ನುತ್ತಿದ್ದಳು.

ಮೊನ್ನೆ ಸಂಬಂಧಿಕರ ಮನೆಯಲ್ಲಿ ತೊಟ್ಟಿಲು ಶಾಸ್ತ್ರವಿತ್ತು. ಹೆಂಗಸರ ಪಂಕ್ತಿಯಲ್ಲಿ ನಾನು, ಪಕ್ಕದಲ್ಲಿ ಅಕ್ಕ. ಹೋಳಿಗೆ ಬಡಿಸಿ, ತುಪ್ಪ ಹಾಕುತ್ತಾ ಬರುತ್ತಿದ್ದರು. ಅಕ್ಕ ತುತ್ತು ಮುರಿದವಳು ಅದನ್ನು ಎಲೆಯಲ್ಲಿಟ್ಟು ಎದ್ದು ನಿಂತಳು. ನೆಲಕ್ಕೆ ಕೈಯೂರಲಿಲ್ಲ. ಎಲ್ಲರೂ ಉಣ್ಣುತ್ತಿರುವ ಸಾಲಿನ ನಡುವೆ ಅವಳೊಬ್ಬಳು ನೆಟ್ಟಗೆ ನಿಂತಿದ್ದಳು, ಬಲಗೈಯ ಎರಡು ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು. ಉಪ್ಪಿನಕಾಯಿ ಬೇಕೇನ್ರಿ ಎಂದು ಬಡಿಸುವವಳು ಕೇಳಿದಳು. ಅಕ್ಕನಿಗೆ ಕೇಳಿಸಲಿಲ್ಲ. ಅವಳ ಕಣ್ಣು ಎದುರಿನ ಗೋಡೆಯ ಮೇಲಿತ್ತು, ಆದರೆ ಗೋಡೆಯನ್ನು ನೋಡುತ್ತಿರಲಿಲ್ಲ. ಯಾರನ್ನೋ ನೋಡುತ್ತಿದ್ದಳು. ಆ ನೋಟವನ್ನು ನಾನು ಇನ್ನೂರು ಮುಖಗಳಲ್ಲಿ ಕಂಡಿದ್ದೆ.

ಬರುವವರು ಎಲ್ಲಿಂದ ಬರುತ್ತಾರೆ, ಬರುವಾಗ ಏನನ್ನು ಬಿಟ್ಟು ಬರುತ್ತಾರೆ ಎಂದು ನಮ್ಮ ಊರಿನಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ನಾನು ಉಣ್ಣುವುದನ್ನು ನಿಲ್ಲಿಸಿ, ಅವಳ ಸೀರೆಯ ಅಂಚು ಹಿಡಿಯಲು ಹೋಗಿ, ಹಿಡಿಯಲಿಲ್ಲ. ಮುಟ್ಟಬಾರದು ಅನಿಸಿತು. ಪರೀಕ್ಷೆ ಮುಗಿದಿತ್ತು; ಎಲ್ಲೋ ಒಂದು ಊರಿನಲ್ಲಿ, ಅದರ ಬಗ್ಗೆ ಯಾರೋ ಬರೆದ ಒಂದು ಸಾಲು ಯಾರಿಗೋ ತಿಳಿದಿತ್ತು.

ಸ್ವಲ್ಪ ಹೊತ್ತಿಗೆ ಅವಳು ಕೂತಳು. ಮೊದಲಿನಂತೆ ಮೊಣಕಾಲು ಹಿಡಿದುಕೊಂಡು, ನರಳುತ್ತಾ. ಹೋಳಿಗೆಯ ತುತ್ತನ್ನು ಕೈಗೆತ್ತಿಕೊಂಡು ಬಾಯಿಗಿಡದೆ ನನ್ನ ಕಡೆ ಬಗ್ಗಿದಳು.

‘ಸಣ್ಣ ವಯಸ್ಸಿನಾಕಿ’ ಅಂದಳು ಮೆಲ್ಲಗೆ. ‘ಭಾಳ ಹೆದರಿದ್ಲು. ನಮ್ಮನ್ನೆಲ್ಲಾ ನೋಡಿದ ಮ್ಯಾಲ ಕೈ ಮುಗಿದ್ಲು.’ ಅವಳ ಕಣ್ಣು ತುಂಬಿದ್ದವು. ‘ನಮ್ಮ ಸಾಲಿನಾಗ ಭಾಳ ಮಂದಿ ನಿಂತಿದ್ವಿ, ಕಸ್ತೂರಿ. ಭಾಳ ಮಂದಿ ನಿಂತಿದ್ವಿ.’